ಆಕಾಶದ ಕಲ್ಲಿಗೆ ನಾನು ಮಾಡಿದ ಉಪಚಾರ

ಒಬ್ಬರೇ ಇರುವವರಿಗೆ ಭಾನುವಾರ ಎಷ್ಟು ಉದ್ದ ಎಂಬುದು ಸಂಸಾರಸ್ಥರಿಗೆ ತಿಳಿಯುವುದಿಲ್ಲ. ವಾರದ ಆರು ದಿನ ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಗಂಟಲು ಹರಿಯುವಂತೆ ವಿಜ್ಞಾನ ಕೂಗುವ ನಾನು, ಏಳನೆಯ ದಿನ ಬಾಯಿ ತೆರೆಯುವುದು ಹಲ್ಲುಜ್ಜುವುದಕ್ಕೆ ಮತ್ತು ಊಟಕ್ಕೆ ಮಾತ್ರ. ಮದುವೆಯಾಗಲಿಲ್ಲ. ಯಾಕಾಗಲಿಲ್ಲ ಎಂದು ಜನ ಕೇಳುತ್ತಿದ್ದಾಗ ಸಿಟ್ಟು ಬರುತ್ತಿತ್ತು. ಐವತ್ತು ದಾಟಿದ ಮೇಲೆ ಅದನ್ನೂ ಯಾರೂ ಕೇಳುವುದಿಲ್ಲವಲ್ಲ ಎಂದು ಬೇಸರವಾಗುತ್ತದೆ. ಗ್ಯಾಸ್ ಸಿಲಿಂಡರ್ ತಂದವನು “ಸೈನ್ ಹಾಕಿ ಮೇಡಂ” ಎಂದಾಗ ಅವನಿಗೆ ಹತ್ತು ನಿಮಿಷ ಗಾಳಿಯ ಒತ್ತಡ ವಿವರಿಸಿದ್ದೇನೆ. ಈಗ ಆತ ಸಿಲಿಂಡರನ್ನು ಕೆಳಗಿನ ಮನೆಯಲ್ಲೇ ಇಳಿಸಿ ಓಡಿಹೋಗುತ್ತಾನೆ.

ಇಂಥ ನನ್ನ ಕೈಗೆ ಒಂದು ಕಲ್ಲು ಸಿಕ್ಕಿತು. ಮಾವಿನ ಕಾಲ. ಯಲ್ದೂರಿನ ನಾರಾಯಣಮ್ಮ ನಮ್ಮ ಬೀದಿಯ ತಿರುವಿನಲ್ಲಿ ತೋತಾಪುರಿ ಗುಡ್ಡೆ ಹಾಕಿ ಕೂರುತ್ತಿದ್ದರು. ಟಾರ್ಪಾಲು ಹಾರದಂತೆ ಅದರ ಮೂಲೆಗಿಟ್ಟಿದ್ದ ಕರಿಕಲ್ಲನ್ನು ಸರಿಸಲು ಹೋದೆ. ಮುಷ್ಟಿಯಷ್ಟಿದ್ದ ಕಲ್ಲು ನನ್ನ ಮಣಿಕಟ್ಟನ್ನೇ ಬಗ್ಗಿಸಿತು. “ಇದೆಲ್ಲಿ ಸಿಕ್ತು?” ಎಂದು ಕೇಳಿದೆ. “ನಮ್ಮತ್ತೆ ಕಾಲದ್ದು ಮೇಡಂ. ತೋಟದಾಗೆ ಗುಂಡಿ ತೋಡೋವಾಗ ಸಿಕ್ತಂತೆ. ಉಪ್ಪಿನಕಾಯಿ ಜಾಡಿ ಮೇಲೆ ಇಕ್ತಿದ್ರು. ಬೇಕಾದ್ರೆ ತಗೊಂಡೋಗಿ, ಕೋಲಾರದ ಸೀಮೆಯಾಗೆ ಕಲ್ಲಿಗೇನು ಬರ?” ಎಂದರು.

ನನ್ನ ಕೆಳಗಿನ ಮನೆಯಲ್ಲಿರುವ ಪಾಷಾ ಭಾಯ್ ನನ್ನ ಮನೆ ಮಾಲೀಕರು. ಲೌಡ್‌ಸ್ಪೀಕರ್ ರಿಪೇರಿ ಅವರ ಕಸುಬು. ಹಾಳಾದ ಸ್ಪೀಕರಿನಿಂದ ಬಿಚ್ಚಿದ, ಬಳೆಯಾಕಾರದ ದಪ್ಪ ಮ್ಯಾಗ್ನೆಟ್ಟೊಂದನ್ನು ಅವರಿಂದ ಇಸಿದುಕೊಂಡು ಕಲ್ಲಿನ ಹತ್ತಿರ ಹಿಡಿದೆ. ಟಪ್ಪೆಂದು ಅಂಟಿತು. “ಅರೆ! ಏನ್ ಮೇಡಂ ಇದು? ಕಲ್ಲಾ, ಕಬ್ಬಿಣಾನಾ?” ಎಂದರು ಪಾಷಾ ಭಾಯ್. “ಉಲ್ಕೆ ಇರಬಹುದು ಭಾಯ್. ಆಕಾಶದಿಂದ ಬಿದ್ದದ್ದು” ಎಂದೆ. ಅಷ್ಟು ಹೇಳಿದ್ದೇ ತಡ, ಸುದ್ದಿ ಬಸ್ ಸ್ಟ್ಯಾಂಡ್ ತಲುಪಿತು.

ಮರುದಿನದಿಂದ ನನ್ನ ಮನೆಗೆ ಜನ! ಪಾಷಾ ಭಾಯ್ ಅವರ ಮುಳಬಾಗಿಲಿನ ಬೀಗರು ಬಂದರು. ಮಾಲೂರಿನಿಂದ ಹೆಂಚಿನ ವ್ಯಾಪಾರಿಯೊಬ್ಬರು ಹೆಂಡತಿ, ಅತ್ತಿಗೆ ಸಮೇತ ಬಂದರು. ನನ್ನಲ್ಲಿದ್ದದ್ದು ಒಂದೇ ಕುರ್ಚಿ. ನಾಲ್ಕನ್ನು ಸಾಲ ತಂದೆ. ನಾನು ಮ್ಯಾಗ್ನೆಟ್ ಹಿಡಿಯುವುದು, ಕಲ್ಲು ಟಪ್ಪೆನ್ನುವುದು, ಎಲ್ಲರೂ “ಆಹಾ” ಎನ್ನುವುದು. “ಇನ್ನೊಂದ್ ಸಲ ಮೇಡಂ” ಎಂದರೆ ಇನ್ನೊಂದು ಸಲ. ಅದರ ತಲೆಗೆ, ಹೊಟ್ಟೆಗೆ, ಬೆನ್ನಿಗೆ, ಎಳೆಗೂಸಿಗೆ ಎಣ್ಣೆ ತಿಕ್ಕುವಂತೆ ಮ್ಯಾಗ್ನೆಟ್ ತಿಕ್ಕಿದೆ. ವಿಜ್ಞಾನಿಗಳಿಗೆ ಬರೆಯಬೇಕೆಂದು ಮೊದಲ ದಿನವೇ ಹೊಳೆದಿತ್ತು. ಬರೆದರೆ ಕಲ್ಲನ್ನು ಒಯ್ಯುತ್ತಾರೆ, ಕಲ್ಲು ಹೋದರೆ ಕುರ್ಚಿಗಳು ಖಾಲಿ. ನಾಳೆ ಬರೆದರಾಯಿತು ಎಂದುಕೊಂಡೇ ಆರು ವಾರ ಕಳೆದೆ.

ಕೊನೆಗೆ ಮನಸ್ಸು ತಡೆಯದೆ ಫೋಟೋ ಕಳಿಸಿದೆ. ಬೆಂಗಳೂರಿನ ಪ್ರಯೋಗಾಲಯದಿಂದ ಎಳೆ ದನಿಯ ವಿಜ್ಞಾನಿಯೊಬ್ಬಳು ಫೋನ್ ಮಾಡಿದಳು. “ಉಲ್ಕಾಶಿಲೆ ಥರಾನೇ ಕಾಣುತ್ತೆ ಮೇಡಂ. ಅದಕ್ಕೆ ಮ್ಯಾಗ್ನೆಟ್ ಏನಾದ್ರೂ ಮುಟ್ಟಿಸಿದ್ದೀರಾ?”

“ಓ, ಮುಟ್ಟಿಸಿದ್ದೀನಿ!” ಎಂದೆ, ಸರಿ ಉತ್ತರ ಹೇಳಿದ ವಿದ್ಯಾರ್ಥಿನಿಯ ಉತ್ಸಾಹದಲ್ಲಿ.

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು. “ಎಷ್ಟು ಸಲ?”

“ಲೆಕ್ಕ ಇಟ್ಟಿಲ್ಲ” ಎಂದೆ. ಅವಳು ಬಯ್ಯಲಿಲ್ಲ, ಮೆಲ್ಲಗೆ ವಿವರಿಸಿದಳು. ಇಂಥ ಕಲ್ಲು ಬಿಸಿಯಿಂದ ಆರುವಾಗ ಸುತ್ತ ಇದ್ದ ಕಾಂತಕ್ಷೇತ್ರದ ಗುರುತು ಅದರೊಳಗಿನ ಕಬ್ಬಿಣದ ಕಣಗಳಲ್ಲಿ ಉಳಿದುಬಿಡುತ್ತದಂತೆ, ನೂರಾರು ಕೋಟಿ ವರ್ಷ. ಇವತ್ತು ಚಂದ್ರನಿಗೆ ನಮ್ಮ ಭೂಮಿಗಿರುವಂಥ ಕಾಂತಕ್ಷೇತ್ರವಿಲ್ಲ, ಒಂದು ಕಾಲದಲ್ಲಿ ಇತ್ತು ಎಂದು ತಿಳಿದದ್ದೂ ಅಲ್ಲಿಂದ ತಂದ ಕಲ್ಲುಗಳಿಂದಲೇ. “ಜೋರು ಮ್ಯಾಗ್ನೆಟ್ ತಾಗಿದ್ರೆ ಹಳೇದು ಅಳಿಸಿಹೋಗುತ್ತೆ ಮೇಡಂ. ಈಗ ಅದರಲ್ಲಿರೋದು ನಿಮ್ಮ ಸ್ಪೀಕರ್ ಮ್ಯಾಗ್ನೆಟ್ಟಿನ ಗುರುತು. ಪರವಾಗಿಲ್ಲ, ಕಳಿಸಿಕೊಡಿ. ಬೇರೆ ಪರೀಕ್ಷೆಗಳಿಗೆ ಬರುತ್ತೆ.”

ಇಪ್ಪತ್ತಾರು ವರ್ಷ ಕಾಂತತ್ವದ ಪಾಠ ಮಾಡಿದವಳು ನಾನು. ಗ್ರಹಗಳು ಮೂಡುವ ಹೊತ್ತಿಗೆ ಸಾಕ್ಷಿಯಾಗಿದ್ದ ಕಲ್ಲು ಭೂಮಿಗೆ ಬಿದ್ದು, ಉಪ್ಪಿನಕಾಯಿ ಜಾಡಿಯನ್ನೂ ಸಹಿಸಿಕೊಂಡು, ತನ್ನ ಸಾಕ್ಷ್ಯವನ್ನು ಕಾಪಾಡಿಕೊಂಡಿತ್ತು. ವಿಜ್ಞಾನ ಕಲಿತವಳ ಕೈಗೆ ಬಂದು ಅದನ್ನು ಕಳೆದುಕೊಂಡಿತು.

ಯಲ್ದೂರಿನ ಬಸ್ ಹತ್ತಿ ನಾರಾಯಣಮ್ಮನವರ ಮನೆಗೆ ಹೋಗಿ ಎಲ್ಲ ಹೇಳಿದೆ. “ಅಂದ್ರೆ ಕಲ್ಲು ಸತ್ತೋಯ್ತಾ ಮೇಡಂ?” “ಇಲ್ಲ. ಹಳೇದೆಲ್ಲ ಮರೆತುಬಿಟ್ಟಿದೆ.” ಅವರು ನನಗೆಂದು ಮಾವಿನಹಣ್ಣೊಂದನ್ನು ಹೆಚ್ಚಲು ತೆಗೆದುಕೊಂಡು “ಪಾಪ” ಎಂದರು. ಕಲ್ಲಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ. “ಅಷ್ಟು ಸಲ ಯಾಕೆ ಮುಟ್ಟಿಸೋಕೋದ್ರಿ?”

“ಜನ ಬರ್ತಿದ್ರು ನಾರಾಯಣಮ್ಮ” ಎಂದೆ. ಬೇರೆ ಕಾರಣ ಕಟ್ಟಲು ಹೊರಟಿದ್ದೆ; ಬಾಯಿಗೆ ನಿಜವೇ ಬಂದುಬಿಟ್ಟಿತು.

ಅವರು ನನ್ನ ಮುಖ ನೋಡಲಿಲ್ಲ. ಹಣ್ಣು ಹೆಚ್ಚುತ್ತಲೇ “ಅದಕ್ಕೆ ಕಲ್ಲು ಯಾಕೆ ಬೇಕಿತ್ತು? ಕರೆದಿದ್ರೆ ನಾನೇ ಬರ್ತಿದ್ನಲ್ಲ” ಎಂದರು. ಹೋಳೊಂದನ್ನು ನನ್ನ ಕೈಗಿಟ್ಟರು. ಹಣ್ಣು ಹುಳಿ ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ.

ಕಲ್ಲು ಬೆಂಗಳೂರಿಗೆ ಹೋಯಿತು. ಜನ ಬರುವುದು ನಿಂತಿತು. ಕರೆದರೆ ಬರುತ್ತೇನೆ ಎಂದಿದ್ದವರನ್ನು ಕರೆಯಲು ನನಗೆ ಬಾಯಿ ಬರಲಿಲ್ಲ. ಪಾಠ ಮಾಡಲು ಬರುವವರಿಗೆ ಮನುಷ್ಯರನ್ನು ಕರೆಯಲು ಬರಬೇಕೆಂದೇನೂ ಇಲ್ಲ. ಹೋದ ವಾರ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ನಾರಾಯಣಮ್ಮ! ಸೆರಗಿನ ಗಂಟು ಬಿಚ್ಚಿ ಒಂದು ಕಲ್ಲು ತೆಗೆದು, “ಇದನ್ನೂ ಒಂದ್ಸಲ ನೋಡಿ ಮೇಡಂ” ಎಂದು ನೆಲಕ್ಕಿಟ್ಟರು. ಅಪ್ಪಟ ಚಪ್ಪಡಿ ಚೂರು. ಒಂದು ಬದಿಗೆ ಬಚ್ಚಲುಮನೆಯ ಸುಣ್ಣ ಇನ್ನೂ ಅಂಟಿತ್ತು. ಸುಣ್ಣವನ್ನು ನಾನೂ ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು.

ಕನ್ನಡಕ ಏರಿಸಿಕೊಂಡು ಕಲ್ಲನ್ನು ಹಿಂದೆ ಮುಂದೆ ತಿರುಗಿಸಿ ಗಂಭೀರವಾಗಿ ಹೇಳಿದೆ: “ಒಂದೇ ಏಟಿಗೆ ಹೇಳೋಕಾಗಲ್ಲ ನಾರಾಯಣಮ್ಮ. ಪರೀಕ್ಷೆಗೆ ಸಂಜೆವರೆಗಾದ್ರೂ ಬೇಕು. ಕೂತ್ಕೊಳ್ಳಿ.”