ಕೀಪ್ಯಾಡ್ ಫೋನಿನಲ್ಲಿ ಆರತಿ ಹಾಡು

ಮನುಷ್ಯನಿಗೆ ಯಾವುದಾದರೊಂದು ವಿಷಯದಲ್ಲಿ ಹಟ ಇರಬೇಕು. ನನ್ನ ಹಟ ಕೀಪ್ಯಾಡ್ ಫೋನಿನದು. ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಹೂ ಮಾರುವವರಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಗಾಜು ಸವರುತ್ತಿರುವಾಗ ನಾನೊಬ್ಬ ಗುಂಡಿ ಒತ್ತುತ್ತೇನೆ. ಯಾರಾದರೂ ಮರುಕ ತೋರಿಸಿದರೆ, ಇದರಲ್ಲೂ ಇಂಟರ್‌ನೆಟ್ ಬರುತ್ತದೆ ಎಂದು ಎದೆಯುಬ್ಬಿಸುತ್ತೇನೆ. ಬರುವುದೇನೋ ನಿಜ. ಹೆಬ್ಬಾಳದ ಫ್ಲೈಓವರ್ ದಾಟಿ ಬರುವ ಸಂಜೆಯ ಬಸ್ಸಿನ ಹಾಗೆ, ಅದಕ್ಕೆ ತೋಚಿದಾಗ ಬರುತ್ತದೆ. ಒಂದು ಅಕ್ಷರಕ್ಕೆ ಒಂದೇ ಗುಂಡಿಯನ್ನು ಹಲವು ಸಲ ಒತ್ತಬೇಕು. ಒಂದು ಸಲ ಹೆಚ್ಚಾದರೆ ಅಕ್ಷರ ಹೋಗಿ ಅಂಕಿ ಬರುತ್ತದೆ. ಚಿತ್ರಗಳಿರಬೇಕಾದಲ್ಲಿ ಖಾಲಿ ಚೌಕಗಳಿರುತ್ತವೆ.

ಹೋದ ತಿಂಗಳು ಯಲಹಂಕದಲ್ಲಿ ನನ್ನ ಹೆಂಡತಿ ಸುಮಿತ್ರಾಳ ಅಣ್ಣನ ಮಗಳ ನಿಶ್ಚಿತಾರ್ಥ. ಸೋದರತ್ತೆಯಾದವಳು ಆರತಿ ಎತ್ತಿ ಹಾಡಬೇಕೆಂಬುದು ಆ ಮನೆಯ ಪದ್ಧತಿ. ಹಾಡು ಪೂರ್ತಿ ಬಾಯಿಪಾಠವಾಗಿದೆ ಎಂದು ಅವಳು ತವರಿನವರಿಗೆಲ್ಲ ಹೇಳಿಕೊಂಡಿದ್ದಳು. ಆಗಿದ್ದದ್ದು ಮೊದಲ ನುಡಿ ಮಾತ್ರ. ಉಳಿದದ್ದು ಅವಳ ದೊಡ್ಡ ಫೋನಿನಲ್ಲಿತ್ತು, ಫೋನು ಮನೆಯಲ್ಲಿ ಚಾರ್ಜಿಗಿತ್ತು. ಬಸ್‌ಸ್ಟಾಪಿನಲ್ಲಿ ಅದು ನೆನಪಾಗಿ ವಾಪಸು ಹೊರಟವಳನ್ನು ತಡೆದವನು ನಾನು. ‘ಬಸ್ ಬಂತು, ಹತ್ತು. ನನ್ನ ಫೋನಲ್ಲೇ ಹುಡುಕ್ಕೊಡ್ತೀನಿ’ ಎಂದೆ. ಮದುವೆಯಾದ ಮೇಲೆ ಅವಳು ನನ್ನ ಮಾತು ನಂಬಿದ ಅಪರೂಪದ ಸಂದರ್ಭಗಳಲ್ಲಿ ಅದೂ ಒಂದು.

ಮೊದಲು ಸಿಕ್ಕ ಪುಟದಲ್ಲಿ ಕನ್ನಡ ಅಕ್ಷರಗಳ ಬದಲು ಸಾಲುಸಾಲು ಚೌಕಗಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಾಡು ಸಿಗುವಷ್ಟರಲ್ಲಿ ಯಲಹಂಕ ಬಂದು, ತಾಂಬೂಲ ಬದಲಾಯಿಸಿ, ಹುಡುಗಿಯನ್ನು ಮಣೆಯ ಮೇಲೆ ಕೂರಿಸಿಯೂ ಆಗಿತ್ತು. ಬೇರೆಯವರ ಫೋನು ಕೇಳಿದರೆ ಬಾಯಿಪಾಠದ ಬಣ್ಣ ಬಯಲಾಗುತ್ತದೆ. ಹಾಗಾಗಿ ನಾನು ಸುಮಿತ್ರಾಳ ಬೆನ್ನ ಹಿಂದೆ ನಿಂತು ಒಂದೊಂದೇ ಸಾಲು ಪಿಸುಗುಡುವುದೆಂದು ತೀರ್ಮಾನವಾಯಿತು. ಮೊದಲ ನುಡಿ ಅವಳೇ ಹಾಡಿದಳು. ಎರಡನೆಯದಕ್ಕೆ ನಾನು ಬಾಯಿ ತೆರೆಯಬೇಕು, ಫೋನು ಬಡಿದುಕೊಳ್ಳತೊಡಗಿತು. ಊಟದ ಉಸ್ತುವಾರಿ ನನ್ನದಾಗಿದ್ದರಿಂದ, ಕೆಳಗಿನಿಂದ ಅಡುಗೆಯವರು ಎಲೆ ಹಾಕಬಹುದೇ ಎಂದು ಕೇಳಲು ಕರೆ ಮಾಡಿದ್ದರು. ಈ ಫೋನಿಗೆ ಕರೆ ಬಂದರೆ ಇಂಟರ್‌ನೆಟ್ ಎದ್ದು ಹೋಗುತ್ತದೆ. ಅದರ ಜೊತೆ ಹಾಡೂ ಹೋಯಿತು.

ಸುಮಿತ್ರಾ ತಟ್ಟೆ ಹಿಡಿದು ನನ್ನ ಸಾಲಿಗೆ ಕಾಯುತ್ತಿದ್ದಳು. ತವರಿನವರೆದುರು ಅವಳ ಮಾನ ಹೋಗುತ್ತದಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಅವಳು ಮೊದಲ ನುಡಿಯನ್ನೇ ಮತ್ತೆ ಎತ್ತಿಕೊಂಡಳು. ಮುಗಿಸಿ, ಮತ್ತೊಮ್ಮೆ ಶುರು ಮಾಡಿದಳು. ಗಂಡಿನ ತಾಯಿ ಪಕ್ಕದವರಿಗೆ, ‘ಇವರ ಕಡೆ ಮೂರ್ ಸಲ ಹೇಳೋ ಪದ್ಧತಿ ಇರ್ಬೇಕು ಕಣ್ರೀ’ ಎಂದದ್ದು ಕೇಳಿಸಿತು. ಮೂರನೆಯ ಸಲಕ್ಕೆ ಹೆಂಗಸರೆಲ್ಲ ದನಿಗೂಡಿಸಿದರು. ಅಷ್ಟು ಹೊತ್ತಿಗೆ ಎಲ್ಲರಿಗೂ ಬಾಯಿಪಾಠವಾಗಿತ್ತು.

ಆ ಆರತಿಯ ವಿಡಿಯೋ ಈಗ ಬಂಧುಗಳ ಗ್ರೂಪಿನಲ್ಲಿ ಓಡಾಡುತ್ತಿದೆ. ಸುಮಿತ್ರಾ ಚೆನ್ನಾಗಿ ಹಾಡಿದಳೆಂದು ಎಲ್ಲರೂ ಹೊಗಳುತ್ತಾರಂತೆ. ಅವಳ ಹಿಂದೆ, ಸಿಗ್ನಲ್ ಸಿಗಲೆಂದು ಫೋನನ್ನು ತಲೆಯ ಮೇಲೆತ್ತಿ ಬಾಯಿ ಬಿಟ್ಟುಕೊಂಡು ನಿಂತ ನನ್ನನ್ನು ನೋಡಿ ನಗುತ್ತಾರಂತೆ. ‘ನೋಡ್ತೀರಾ?’ ಎಂದು ಅವಳು ದಿನವೂ ತನ್ನ ದೊಡ್ಡ ಫೋನು ಚಾಚುತ್ತಾಳೆ. ಬೇಡ, ನನ್ನದರಲ್ಲೇ ನೋಡಿಕೊಳ್ಳುತ್ತೇನೆ ಎನ್ನುತ್ತೇನೆ. ನನ್ನದರಲ್ಲಿ ಅದು ಬರೀ ಖಾಲಿ ಚೌಕ. ಈ ಫೋನು ನನ್ನ ಮಾನ ಕಾಪಾಡಿದ್ದು ಇದೊಂದೇ ಸಲ. ಇನ್ನು ಬದಲಿಸುವ ಮಾತೇ ಇಲ್ಲ.