ಮೂಗಿನಿಂದ ಉಣ್ಣುವ ನಾದಿನಿ

ನನ್ನ ನಾದಿನಿಯನ್ನು ದೇವರು ಮಾಡಿದ್ದು ಹೀಗಿರಬೇಕು: ಮೊದಲು ಒಂದು ಮೂಗು ಮಾಡಿದ. ಛಲೋ ಬಂತು ಅನ್ನಿಸಿತು. ಆಮೇಲೆ ಅದನ್ನು ಹೊತ್ತು ತಿರುಗಾಡಲು ಯಾರಾದರೂ ಬೇಕಲ್ಲ ಎಂದು ಕೆಳಗೆ ಇವಳನ್ನು ಅಂಟಿಸಿದ. ನೋಡುವುದಕ್ಕೆ ಆ ಮೂಗು ಏನೂ ಭಾರಿಯಲ್ಲ, ಶೇಂಗಾ ಕಾಯಿಯಷ್ಟಿದೆ. ಆದರೆ ಬೆಂಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಕೇಶ್ವಾಪುರದಲ್ಲಿ ಯಾರ ಮನೆಯ ಹಾಲು ಉಕ್ಕಿತು ಎಂದು ಹೇಳುತ್ತಿದ್ದಳು ಎಂದರೆ ನೀವು ಸುಳ್ಳು ಅನ್ನುತ್ತೀರಿ. ಸ್ವಲ್ಪ ಸುಳ್ಳೇ. ನಮ್ಮ ಓಣಿಯ ಮಟ್ಟಿಗೆ ಮಾತ್ರ ಖರೆ.

ಅವಳು ನನ್ನ ಗಂಡನ ತಂಗಿ. ತನ್ನ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದಳು. ಈಗ ಆ ಅಣ್ಣನೂ ಇಲ್ಲ, ನಾವಿಬ್ಬರೂ ಇದ್ದೇವೆ. ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಅಲ್ಲಿಯ ತನಕ ಅಡಿಗೆಮನೆ ನಮ್ಮಿಬ್ಬರದು. ಇಬ್ಬರದು ಎಂದರೆ ಅವಳದು. ಕಾಯಿಪಲ್ಲೆ ಹೆಚ್ಚುವುದು ನಾನು, ಹೆಸರು ತೆಗೆದುಕೊಳ್ಳುವುದು ಅವಳು.

ನಮ್ಮಲ್ಲಿ ಅಡಿಗೆಯಾದ ಮೇಲೆ ಮೊದಲು ದೇವರಿಗೆ ಎಡೆ ಹಿಡಿಯಬೇಕು. ಅಲ್ಲಿಯ ತನಕ ಯಾವುದನ್ನೂ ನಾಲಿಗೆಗೆ ಹಚ್ಚಬಾರದು. ಈ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ದೇವರಮನೆಗೆ ಬೆನ್ನು ಮಾಡಿ, ಅಂಗೈಗೆ ಎರಡು ಹನಿ ಸಾರು ಹಾಕಿಕೊಂಡು ನೆಕ್ಕುವ ಪದ್ಧತಿಯೂ ಅಷ್ಟೇ ಮನೆಗಳಲ್ಲಿದೆ. ನಾನೂ ನೆಕ್ಕಿದ್ದೇನೆ. ಇವತ್ತಿನ ತನಕ ದೇವರು ತಕರಾರು ಮಾಡಿಲ್ಲ. ಆದರೆ ನಾದಿನಿ ಒಮ್ಮೆಯೂ ನೆಕ್ಕಿದವಳಲ್ಲ. ಮುಚ್ಚಳ ತೆಗೆದು, ಉಗಿಯನ್ನು ಕೈಯಿಂದ ಮೂಗಿನ ಕಡೆಗೆ ಕರೆದು, ಕಣ್ಣು ಮುಚ್ಚಿ ನಿಲ್ಲುವಳು. ಜಪಕ್ಕೆ ಕುಳಿತವರೂ ಅಷ್ಟು ಗಂಭೀರವಾಗಿರುವುದಿಲ್ಲ! ಆಮೇಲೆ ಉಪ್ಪು ಕಡಿಮೆ ಎಂದರೆ ಉಪ್ಪು ಕಡಿಮೆ. ಉಪ್ಪಿಗೆ ಎಲ್ಲಿಯ ವಾಸನೆ ಎಂದು ನಾನು ಒಮ್ಮೆ ಜಗಳವನ್ನೇ ತೆಗೆದೆ.

"ಉಪ್ಪಿಗೆ ವಾಸನಿ ಇಲ್ರಿ ವೈನಿ," ಅಂದಳು. "ಉಪ್ಪು ಬಿದ್ದ ಸಾರಿಗೆ ಐತಿ."

ಇಂಥವಳ ಜೊತೆ ವಾದ ಮಾಡುವುದೆಂದರೆ ಗೋಡೆಗೆ ಸುಣ್ಣ ಹಚ್ಚಿದ ಹಾಗೆ. ನಮ್ಮ ಕೈಯೇ ಸುಡುತ್ತದೆ.

ಮನೆಯೊಳಗೆ ಹೇಗಾದರೂ ಇರಲಿ, ಹೊರಗೆ ಕರೆದುಕೊಂಡು ಹೋದರೆ ಫಜೀತಿ. ಒಮ್ಮೆ ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಪಕ್ಕದಲ್ಲಿ ಕುಳಿತ ಹೆಂಗಸಿನ ಚೀಲದಲ್ಲಿ ಮುಚ್ಚಿದ ಡಬ್ಬಿ ಇತ್ತು. ಇವಳು ಒಮ್ಮೆ ಉಸಿರೆಳೆದು, ಮೆಂತ್ಯಪಲ್ಯ ಛಲೋ ಇದೆ, ಆದರೆ ಒಗ್ಗರಣೆಯ ಬೆಳ್ಳುಳ್ಳಿ ಸೀದಿದೆ ಎಂದು ತೀರ್ಪು ಕೊಟ್ಟಳು. ಬೈಸಿಕೊಳ್ಳುವುದು ಗ್ಯಾರಂಟಿ ಎಂದು ನಾನು ಕಿಟಕಿಯ ಕಡೆ ಮುಖ ಮಾಡಿದೆ. ಆ ಹೆಂಗಸು ಇವಳ ಕೈ ಹಿಡಿದುಕೊಂಡು, ಪಲ್ಯ ಮಾಡಿದ್ದು ತನ್ನ ಸೊಸೆ, ದಿನಾಲೂ ಸೀಯಿಸುತ್ತಾಳೆ, ಹೇಳಿದರೆ ಮಗ ನಂಬುವುದಿಲ್ಲ ಎಂದು ಶುರು ಮಾಡಿದಳು. ಹುಬ್ಬಳ್ಳಿ ಬರುವಷ್ಟರಲ್ಲಿ ಆ ಸೊಸೆಯ ಜಾತಕವೆಲ್ಲ ನಮಗೆ ಗೊತ್ತಾಗಿತ್ತು. ಇಳಿಯುವಾಗ ಆ ಹೆಂಗಸು ಇವಳ ಫೋನ್ ನಂಬರು ಇಸಿದುಕೊಂಡಳು. ಸಾಕ್ಷಿ ಹೇಳಲು ಬೇಕಂತೆ!

ಮದುವೆಯೊಂದರಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು. ಪಂಕ್ತಿಯಲ್ಲಿ ಕುಳಿತು ನಾವೆಲ್ಲ ಬದನೇಕಾಯಿ ಎಣಗಾಯಿ ಚಪ್ಪರಿಸುತ್ತಿದ್ದೆವು. ಇವಳು ಎಲೆಯ ಮೇಲೆ ಬಗ್ಗಿ, ಎಣಗಾಯಿಗೆ ಹಾಕಿದ ಗುರೆಳ್ಳು ಮುಗ್ಗಿದೆ ಎಂದುಬಿಟ್ಟಳು. ಸಣ್ಣ ದನಿಯಲ್ಲೇ ಅಂದದ್ದು. ಆದರೆ ಇಂಥ ಮಾತು ಪಾಯಸಕ್ಕಿಂತ ಲಗೂ ಪಂಕ್ತಿಯಲ್ಲಿ ಓಡುತ್ತದೆ. ಒಬ್ಬೊಬ್ಬರೇ ಮೂಸಿ ನೋಡಿದರು, ಒಬ್ಬೊಬ್ಬರೇ ಎಣಗಾಯಿಯನ್ನು ಎಲೆಯ ತುದಿಗೆ ಸರಿಸಿದರು. ನಾನು ಅಷ್ಟೊತ್ತಿಗೆ ಎರಡು ಸಲ ಹಾಕಿಸಿಕೊಂಡಿದ್ದೆ, ಬಹಳ ರುಚಿಯಾಗಿತ್ತು. ಅವಳು ಹೇಳಿದ ಮೇಲೆ ನನಗೂ ಮುಗ್ಗಲು! ಆಮೇಲಿಂದ ನಮ್ಮ ಬಳಗದವರು ಮದುವೆಗೆ ಕರೆಯಲು ಬಂದರೆ, ಅವಳನ್ನು ಕಡೆಯ ಪಂಕ್ತಿಗೆ ಕರೆದುಕೊಂಡು ಬನ್ನಿರಿ ಎಂದು ನನ್ನ ಕಿವಿಯಲ್ಲಿ ಹೇಳಿ ಹೋಗುತ್ತಾರೆ.

ಹೀಗಿದ್ದವಳು ಹೋದ ಚಳಿಗಾಲದಲ್ಲಿ ಜ್ವರ ಬಂದು ಮಲಗಿದಳು. ಮನೆಯವರಿಗೆಲ್ಲ ಬಂದಿತ್ತು, ಎಲ್ಲರೂ ಎದ್ದೆವು, ಅವಳೂ ಎದ್ದಳು. ಎದ್ದವಳೇ ಊರ ಮೇಲೆ ದಂಡೆತ್ತಿದಳು. ಹಾಲಿನವನು ನೀರು ಬೆರೆಸುತ್ತಾನೆ. ಕಿರಾಣಿ ಅಂಗಡಿಯವನು ಇಂಗಿನ ಹೆಸರಿನಲ್ಲಿ ಹಿಟ್ಟು ಮಾರುತ್ತಾನೆ. ಈಗಿನ ಕೊತ್ತಂಬರಿಗೆ ಜೀವವೇ ಇಲ್ಲ. ನಾವು ಪಾಪ ನಂಬಿದೆವು. ಅಂಗಡಿ ಬದಲಿಸಿದೆವು, ಹಾಲಿನವನನ್ನು ಬಿಡಿಸಿದೆವು. ಕೊತ್ತಂಬರಿಗೋಸ್ಕರ ಮಗ ಅಮರಗೋಳದ ತನಕ ಹೋಗಿಬಂದ. ಅದನ್ನೂ ಮೂಸಿ, ಹುಲ್ಲು ತಂದಿದ್ದೀ ಅಂದಳು. ಸಾರಿಗೆ ಖಾರ ಸುರಿಯತೊಡಗಿದಳು. ಸೊಸೆ ಉಂಡು ಬಿಕ್ಕುತ್ತ ಬಿಕ್ಕುತ್ತ ಕೆಲಸಕ್ಕೆ ಹೋದಳು.

ಒಂದು ಬೆಳಿಗ್ಗೆ ಒಲೆಯ ಪಕ್ಕದಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದಳು. ಒಲೆಯ ಮೇಲೆ ಹಾಲಿನ ತಳ ಸೀದು, ವಾಸನೆ ಹಿತ್ತಲಲ್ಲಿದ್ದ ನನಗೆ ಬಂತು. ಒಳಗೆ ಓಡಿ ಬಂದರೆ ಇವಳು ಆರಾಮಾಗಿ ಕಲ್ಲು ತೆಗೆಯುತ್ತಿದ್ದಾಳೆ! ಒಲೆ ಆರಿಸಿದೆ. ಅವಳ ಕಣ್ಣು ಮುಚ್ಚಿ ಇಂಗಿನ ಡಬ್ಬಿ ಮೂಗಿಗೆ ಹಿಡಿದು, ಏನಿದು ಎಂದು ಕೇಳಿದೆ. ಬಹಳ ಹೊತ್ತು ಎಳೆದಳು. ಅರಿಷಿಣ ಅಂದಳು.

"ನಿನ್ನ ಮೂಗು ಹೋಗೇತಿ," ಅಂದೆ. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

"ಬರೇ ಮೂಗಲ್ರಿ, ನಾಲಿಗಿನೂ ಹೋಗೇತಿ," ಅಂದಳು. "ಏನ್ ಉಂಡ್ರೂ ರಟ್ಟು ತಿಂದಂಗ ಆಗತೈತಿ. ನಾ ಯಾರಿಗೆ ಹೇಳ್ಲಿ?"

ಮೂಗಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಇಂಥವು ಮಾತ್ರ, ನಾವು ರುಚಿ ರುಚಿ ಎಂದು ಹೊಗಳುವುದರಲ್ಲಿ ಹೆಚ್ಚಿನ ಪಾಲು ಮೂಗಿನದು ಎಂದು ಅವರು ಹೇಳಿದರು. ಅಂಥ ಹೊತ್ತಿನಲ್ಲೂ ಇವಳು ನನ್ನ ಕಡೆ ತಿರುಗಿ, ನಾನು ಇಷ್ಟು ವರ್ಷ ಇದನ್ನೇ ಹೇಳಿದ್ದಲ್ಲವೇ ಎನ್ನುವ ಹಾಗೆ ಹುಬ್ಬು ಹಾರಿಸಿದಳು! ವಾಸನೆ ತಿರುಗಿ ಬರಬಹುದು, ಬಾರದೆಯೂ ಇರಬಹುದು. ಬೆಳಿಗ್ಗೆ ಸಂಜೆ ಲವಂಗ, ನಿಂಬೆಹಣ್ಣು, ಇಂಥ ಘಾಟಿನ ಪದಾರ್ಥಗಳನ್ನು ಮನಸ್ಸಿಟ್ಟು ಮೂಸಬೇಕು. ಊಟ ಬಿಡಬಾರದು. ಇಷ್ಟು ಹೇಳಿ ಕಳಿಸಿದರು.

ಆದರೆ ಅವಳು ಬಿಟ್ಟದ್ದೇ ಊಟ. ಅರ್ಧ ರೊಟ್ಟಿ ಮುರಿದು, ಅದನ್ನೇ ತಾಟಿನಲ್ಲಿ ತಿರುಗಿಸಿ ತಿರುಗಿಸಿ ಏಳುವಳು. ಬಳೆ ಮೊಳಕೈ ತನಕ ಜಾರತೊಡಗಿದವು. ಅಡಿಗೆ ಮಾಡುವುದಿಲ್ಲ ಅಂದಳು. ಬೇಸಿಗೆಯಲ್ಲಿ ಮನೆಯಲ್ಲೇ ಮಸಾಲೆ ಖಾರ ಹುರಿಯುವುದು ಬೇಡ, ಅಂಗಡಿಯಿಂದ ಪ್ಯಾಕೆಟ್ ತಂದರಾಯಿತು ಅಂದಳು. ಆಗ ನನಗೆ ಹೆದರಿಕೆಯಾಯಿತು. ಪ್ಯಾಕೆಟ್ ಖಾರವನ್ನು ಅವಳು ಇಟ್ಟಂಗಿಪುಡಿ ಎಂದೇ ಕರೆಯುತ್ತಿದ್ದವಳು.

ಇದನ್ನು ಹೀಗೆ ಬಿಟ್ಟರೆ ಆಗುವುದಿಲ್ಲ ಎಂದು ನಾನು ಸೆರಗು ಕಟ್ಟಿದೆ. ನಾನು ಕಲಿತದ್ದು ಮೂರನೇ ಇಯತ್ತೆ ಇರಬಹುದು, ಆದರೆ ಆ ವಾರದಿಂದ ನಾನೇ ಮಾಸ್ತರು. ಬೆಳಿಗ್ಗೆ ಸ್ನಾನವಾದ ಕೂಡಲೇ ಅವಳನ್ನು ಕಣ್ಣು ಮುಚ್ಚಿ ಕೂರಿಸಿ ಡಬ್ಬಿಗಳನ್ನು ಹಿಡಿಯುತ್ತಿದ್ದೆ. ಕೆಲವು ದಿನಗಳಲ್ಲೇ, ಏನೋ ಬರುತ್ತಿದೆ, ಲವಂಗ ಇರಬೇಕು ಎನ್ನತೊಡಗಿದಳು. ನನ್ನ ಕೈಯಲ್ಲಿದ್ದದ್ದು ಖಾಲಿ ಡಬ್ಬಿ. ನನ್ನನ್ನು ಸುಮ್ಮನಿರಿಸಲು ಹೇಳಿದ್ದಂತೆ. ಮೂಗು ಕೆಟ್ಟರೆ ಕೆಡಲಿ, ಸುಳ್ಳು ಹೇಳಿದರೆ ಮರುದಿನ ಇನ್ನೂ ಹೆಚ್ಚು ಹೊತ್ತು ಕೂರಿಸುತ್ತೇನೆ ಎಂದು ಗದರಿದೆ.

ಊಟಕ್ಕೂ ಒಂದು ಉಪಾಯ ಮಾಡಿದೆ. ಅವಳ ಮುಂದೆ ತಾಟಿಟ್ಟು, ಪ್ರತಿಯೊಂದನ್ನೂ ನಾನು ಮೂಸಿ ಹೇಳುವುದು, ಕೇಳಿಕೊಂಡು ಅವಳು ಉಣ್ಣುವುದು. ಮೊದಲ ದಿನ ಕಡಲೆಹಿಟ್ಟಿನ ಝುಣಕ ಮೂಸಿ, ಛಲೋ ಐತಿ ಅಂದೆ. ಅವಳು ಕೈ ಕಟ್ಟಿ ಕುಳಿತಳು.

"ಛಲೋ ಅಂದ್ರ ಏನ್ರಿ? ಹಿಟ್ಟಿನ ಹಸಿ ವಾಸನಿ ಹೋಗೇತೋ ಇಲ್ಲೋ, ಅದನ್ನ ಹೇಳ್ರಿ."

ಜೀವಮಾನವಿಡೀ ಗಬಗಬ ಉಂಡವಳು ನಾನು. ಈ ವಯಸ್ಸಿನಲ್ಲಿ ನಾಯಿಯ ಹಾಗೆ ತಾಟು ಮೂಸುವುದನ್ನು ಕಲಿತೆ! ಸಾಸಿವೆ ಸಿಡಿದಿದೆ, ಕರಿಬೇವು ಬಾಡಿದ್ದು, ರೊಟ್ಟಿಯ ಒಂದು ಅಂಚು ಕರಿಯಾಗಿದೆ, ಹೀಗೆ ಹೇಳುತ್ತ ಹೋದರೆ ಅವಳು ಅಗಿಯುತ್ತ ಹೋಗುವಳು. ನಾನು ಮಾತು ನಿಲ್ಲಿಸಿದರೆ ಅವಳ ಬಾಯಿಯೂ ನಿಲ್ಲುವುದು. ಸೊಸೆ ಒಂದು ರವಿವಾರ ಇದನ್ನು ನೋಡಿ, ಅತ್ತೆಯವರು ಕ್ರಿಕೆಟ್ ಕಾಮೆಂಟ್ರಿ ಹೇಳುತ್ತಿದ್ದಾರೆ ಎಂದು ನಕ್ಕಳು. ನಗಲಿ. ತಾಟಿನಲ್ಲಿ ಅರ್ಧ ಇದ್ದ ರೊಟ್ಟಿ ಒಂದಾಗಿತ್ತು.

ಮೊನ್ನೆ ನಾನೇ ಕಟ್ಟಿನ ಸಾರು ಮಾಡಿದೆ. ಅವಳ ತಾಟಿನ ಮುಂದೆ ಕುಳಿತು ಬಟ್ಟಲು ಎತ್ತಿ ಮೂಸಿದೆ. ಇನ್ನೊಮ್ಮೆ ಮೂಸಿದೆ. ಅವಳು ಕಾಯುತ್ತಿದ್ದಳು.

"ಹೆಂಗೈತ್ರಿ ವೈನಿ?"

"ನಾ ಮದಿವ್ಯಾಗಿ ಈ ಮನಿಗೆ ಬಂದ ದಿನ ನಿಮ್ಮವ್ವ ಸಾರು ಮಾಡಿದ್ಲಲ್ಲ," ಅಂದೆ. "ಆ ವಾಸನಿ ಐತಿ. ನೀ ಆಗ ಪರಕಾರ ಉಡೋ ಸಣ್ಣ ಹುಡುಗಿ. ನನ್ನ ತಾಟಿನ್ಯಾಗ ಕೈ ಹಾಕಿ ಕುಂತಿದ್ದಿ."

ಅವಳು ಬಟ್ಟಲು ಇಸಿದುಕೊಂಡು ಎರಡೂ ಕೈಯಿಂದ ಹಿಡಿದಳು. ಮೂಗಿನ ಹತ್ತಿರ ಒಯ್ಯಲಿಲ್ಲ. ಸ್ವಲ್ಪ ಸ್ವಲ್ಪವೇ ಕುಡಿದು ಮುಗಿಸಿದಳು. ಆಮೇಲೆ ಖಾಲಿ ಬಟ್ಟಲನ್ನು ನನ್ನ ಕಡೆ ಚಾಚಿ, "ಅವ್ವ ಇಷ್ಟ ಹಾಕಿ ಸುಮ್ಮನಾಗತಿದ್ದಿಲ್ರಿ," ಅಂದಳು.

ನಾನು ಬಟ್ಟಲು ತುಂಬ ಹಾಕಿದೆ.