ಕಾಯಿ ಒಡೆದ ಮೇಲೆ ಮೋಟಾರಿನ ಪರೀಕ್ಷೆ

ನಮ್ಮ ಮನೆಯಲ್ಲಿ ವಸ್ತು ಚಿಕ್ಕದಾದಷ್ಟೂ ಅದರ ಪರೀಕ್ಷೆ ದೊಡ್ಡದು. ಮಣ್ಣಿನ ಗಡಿಗೆ ಕೊಳ್ಳುವಾಗ ಅವ್ವ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಡಿಯುತ್ತಾಳೆ, ಬಿಸಿಲಿಗೆ ಎತ್ತಿ ಒಳಗೆ ಇಣುಕುತ್ತಾಳೆ, ನೀರು ತುಂಬಿಸಿ ಕಟ್ಟೆಯ ಮೇಲಿಡುತ್ತಾಳೆ. ಅಷ್ಟು ಹೊತ್ತೂ ಗಡಿಗೆ ಮಾರುವವಳನ್ನು ಕೂರಿಸಿಕೊಂಡು ಅವಳ ಮನೆಯ ಕಷ್ಟಸುಖ ಕೇಳಿ, ಕಟ್ಟೆ ಒದ್ದೆಯಾಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಗಡಿಗೆಯನ್ನು ಒಳಗೆ ಒಯ್ಯುತ್ತಾಳೆ. ಕಸಬರಿಗೆಗೂ ಇಂಥದೇ ವಿಚಾರಣೆ ನಡೆಯುತ್ತದೆ. ಆದರೆ ಹೊಲ, ಮನೆ, ಅಳಿಯ ಮುಂತಾದ ದೊಡ್ಡವನ್ನೆಲ್ಲ ಕೊಡುವವರ ಮುಖ ನೋಡಿಯೇ ತೆಗೆದುಕೊಳ್ಳುವುದು ನಮ್ಮ ಪದ್ಧತಿ. “ದೊಡ್ಡ ಮಂದಿ, ಅವರ ಮುಂದ ಹೆಂಗ ಕೇಳೋದು?” ಎಂಬ ಒಂದೇ ಮಾತಿನಲ್ಲಿ ನಮ್ಮವರ ಎಲ್ಲ ಸಂಶಯಗಳೂ ಸತ್ತುಹೋಗುತ್ತವೆ. ಹಳೆಯ ಮೋಟಾರು ಗಾಡಿಯೊಂದನ್ನು ಕೊಳ್ಳುವ ಪ್ರಸಂಗ ಬಂದಾಗ ಈ ಪದ್ಧತಿಯ ಪೂರ್ಣ ವೈಭವವನ್ನು ನಾನು ಕಂಡೆ.

ಮೋಟಾರು ಬೇಕಾಗಿದ್ದು ನನಗೆ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಕಲಬುರಗಿಗೆ ಮರಳಿದ ಮೇಲೆ, ಕಮಲಾಪುರದಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಶಾಲೆಗೆ, ನಮ್ಮ ಕಡೆಯ ಮಾತಿನಲ್ಲಿ ಮದರಸೆಗೆ, ಹೆಡ್ ಮಾಸ್ತರಿಣಿಯಾಗಿ ಬರುವಂತೆ ಸರಕಾರದ ಹುಕುಂ ಬಂದಿತ್ತು. ಆ ಊರಿನಲ್ಲಿ ಒಬ್ಬಳೇ ಇರುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತದಿರುವುದೇ ಉತ್ತರವಾಗಿತ್ತು. ದಿನಾ ಹೋಗಿಬರೋಣವೆಂದರೆ, ಮಂದಿಯನ್ನು ಒಯ್ಯುವ ಸರ್ವಿಸ್ ಮೋಟಾರು ತುಂಬಿದಾಗ ಹೊರಡುತ್ತಿತ್ತು, ಮನಸ್ಸಾದಾಗ ಮುಟ್ಟುತ್ತಿತ್ತು. ಅಪ್ಪ ವಕೀಲರು. ನಾಲ್ಕು ದಿನ ಯೋಚಿಸಿ, ಕರಾರುಪತ್ರ ಓದುವ ದನಿಯಲ್ಲಿ ಹೇಳಿದರು: “ಗಾಡಿ ನಾ ತಗೊಂಡು ಕೊಡ್ತೀನಿ ತಂಗಿ. ಆದರ ದೀಪ ಹಚ್ಚೋದರೊಳಗ ನೀ ಮನಿಗಿ ಬಂದಿರಬೇಕು. ಒಂದು ದಿನ ತಪ್ಪಿತು ಅಂದರ ಮರುದಿನ ರಾಜೀನಾಮೆ.” ನಾನು ಒಪ್ಪಿದೆ. ಒಪ್ಪಿದ ಕ್ಷಣದಿಂದ ನನ್ನ ನೌಕರಿ ಎಂಬುದು ನನ್ನ ಡಿಗ್ರಿಯಲ್ಲಾಗಲಿ ವಿದ್ಯೆಯಲ್ಲಾಗಲಿ ಇರದೆ, ನಾನಿನ್ನೂ ನೋಡಿಯೂ ಇರದ ಒಂದು ಮೋಟಾರಿನ ಹೊಟ್ಟೆಯಲ್ಲಿ ಹೋಗಿ ಕುಳಿತಿತು.

ಹಾಸ್ಟೆಲಿನಲ್ಲಿದ್ದಾಗ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ, ಹಳೆಯ ಮೋಟಾರು ಕೊಳ್ಳುವವರು ಏನೇನು ನೋಡಬೇಕೆಂಬ ಲೇಖನವನ್ನು ಓದಿದ್ದೆ. ಆಗ ಅದನ್ನು ಯಾಕೆ ಓದಿದೆನೋ ತಿಳಿಯದು. ಅಡಿಗೆಯ ಪುಟವನ್ನು ಬಿಟ್ಟು ಮುಂದೆ ಹೋಗುವಾಗ ಅದು ಸಿಕ್ಕಿರಬೇಕು. ಯಂತ್ರ ತಣ್ಣಗಿರುವಾಗಲೇ ಮುಂದಿನ ಹ್ಯಾಂಡಲ್ ಹೊಡೆದು ಚಾಲೂ ಮಾಡಿ ನೋಡಬೇಕು. ಬಿಸಿಯಾದ ಯಂತ್ರ ತನ್ನ ರೋಗಗಳನ್ನು ಮುಚ್ಚಿಕೊಳ್ಳುತ್ತದೆ. ಗಾಡಿ ನಿಂತ ಜಾಗದಲ್ಲಿ ಎಣ್ಣೆಯ ಕಲೆ ಇದೆಯೇ ಎಂದು ನೆಲ ನೋಡಬೇಕು. ಹೊಗೆಯ ಬಣ್ಣ ನೋಡಬೇಕು. ಬ್ರೇಕು ಒತ್ತಿ, ಏರು ಹತ್ತಿಸಿ, ರೇಡಿಯೇಟರಿನ ನೀರು ಕುದಿಯುವುದೇ ಎಂದು ಪರೀಕ್ಷಿಸಬೇಕು. ಇಷ್ಟೆಲ್ಲ ನನಗೆ ಬಾಯಿಪಾಠವಾಗಿತ್ತು. ಲೇಖಕ ಮಹಾಶಯ ಒಂದನ್ನು ಮಾತ್ರ ಬರೆದಿರಲಿಲ್ಲ. ಮಾರುವವರು ಅತಿ ಸಜ್ಜನರಾಗಿದ್ದರೆ ಏನು ಮಾಡಬೇಕು?

ಇಡೀ ಊರಿನಲ್ಲಿ ಮಾರಾಟಕ್ಕಿದ್ದ ಮೋಟಾರು ಒಂದೇ. ಅದು ಜಗತ್ ಎಂಬ ಬಡಾವಣೆಯ ಹತ್ತಿರದಲ್ಲಿದ್ದ, ಕಚೇರಿಯ ಪೇಶಕಾರಿಯಿಂದ ನಿವೃತ್ತರಾದ ಒಬ್ಬ ಸಾಹೇಬರದು. ಅಪ್ಪನೂ ನಾನೂ ಹೋದಾಗ ಸಾಹೇಬರು ಬಾಗಿಲವರೆಗೆ ಬಂದು ಎದುರುಗೊಂಡರು. ನಾನು ನೆಟ್ಟಗೆ ಗಾಡಿಯ ಹತ್ತಿರ ಹೋಗಿ ಮೂತಿಯ ಮೇಲೆ ಕೈಯಿಟ್ಟೆ. ಹಂಚಿನಂತೆ ಕಾದಿತ್ತು.

“ಇದು ಬಿಸಿ ಇದೆಯಲ್ಲ ಸಾಹೇಬರೇ? ತಣ್ಣಗಿದ್ದಾಗ ನೋಡಬೇಕಾಗಿತ್ತು” ಎಂದೆ, ಆದಷ್ಟು ಮೆತ್ತಗೆ.

“ತೋಬಾ ತೋಬಾ!” ಎಂದರು ಸಾಹೇಬರು. “ಮೆಹಮಾನರಿಗೆ ಥಂಡಾ ಗಾಡಿ ತೋರಸೋದಾ ಬೇಟಿ? ಥಂಡಾ ಚಾ ಕೊಟ್ಟಂಗ ಆಗ್ತದ. ಮುಂಜಾನೆಯಿಂದ ಗರಮ್ ಮಾಡಿ ಇಡಿಸೀನಿ.”

ನೆಲ ನೋಡೋಣವೆಂದು ಬಗ್ಗಿದೆ. ನಾವು ಬರುತ್ತೇವೆಂದು ಅಂಗಳವನ್ನೆಲ್ಲ ಗುಡಿಸಿ, ಧೂಳೇಳದಂತೆ ನೀರು ಚಿಮುಕಿಸಿ, ಗಾಡಿಯ ಅಡಿಗೂ ಹೊಸ ಉಸುಕು ಹರವಿದ್ದರು. ಎಣ್ಣೆಯ ಕಲೆ ಇದ್ದರೂ ಅದು ಆ ಸತ್ಕಾರದ ಕೆಳಗೆ ಹೂತುಹೋಗಿತ್ತು. ಹೊಗೆ ನೋಡಬೇಕೆಂದು ಹಿಂದೆ ಹೋದರೆ ಶಾವಿಗೆ ಪಾಯಸದ, ಅಂದರೆ ಶೀರಕುರ್ಮಾದ, ಬಟ್ಟಲು ಬಂತು. ಚಕ್ರ ಅಲುಗಾಡಿಸಬೇಕೆಂದರೆ ಪಾನದ ತಟ್ಟೆ ಬಂತು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಪಾನು ಹಿಡಿದವಳು ಚಕ್ರವನ್ನು ಯಾವುದರಿಂದ ಅಲುಗಾಡಿಸಬೇಕು? ನಾನು ಅಪ್ಪನ ಕಡೆ ನೋಡಿದೆ. ಕೋರ್ಟಿನಲ್ಲಿ ಸಾಕ್ಷಿಗಳ ಬೆವರಿಳಿಸುವ ನನ್ನ ಅಪ್ಪ, “ಬಹಳ ಚಲೋ ಆಗೇದರೀ” ಎಂದು ಶೀರಕುರ್ಮಾದ ಬಗ್ಗೆ ಹೇಳಿದರು. ಸಾಹೇಬರು ಅದನ್ನು ಗಾಡಿಯ ಬಗ್ಗೆ ಹೇಳಿದ ಮಾತೆಂದೇ ಸ್ವೀಕರಿಸಿ ಎದೆಯ ಮೇಲೆ ಕೈಯಿಟ್ಟು ಬಾಗಿದರು.

ಮನೆಗೆ ಬಂದ ಮೇಲೆ ನಾನು ಹಟ ಹಿಡಿದೆ. ಕಮಲಾಪುರದವರೆಗೆ ಒಮ್ಮೆ ಓಡಿಸಿ ನೋಡದೆ ಕೊಳ್ಳಕೂಡದು. ಅಪ್ಪ ಒಪ್ಪಿದರು. ಒಪ್ಪಿ, ಪರೀಕ್ಷೆಗೆಂದು ಮಹಾಗಾಂವದಿಂದ ಕಾಕಾನನ್ನು ಕರೆಸಿದರು. ನಮ್ಮ ಕಾಕಾ ಎತ್ತುಗಳ ಪಾರಖಿ. ಅವರು ಬೆನ್ನು ತಟ್ಟದ ಎತ್ತನ್ನು ಆ ಸುತ್ತಿನಲ್ಲಿ ಯಾರೂ ಕಟ್ಟುವುದಿಲ್ಲ. ಮೋಟಾರಿಗೂ ಎತ್ತಿಗೂ ಏನು ಸಂಬಂಧವೆಂದು ನಾನು ಕೇಳಿದ್ದಕ್ಕೆ, “ಎರಡೂ ನಡೀಬೇಕಲ್ಲೇನು?” ಎಂದರು ಅಪ್ಪ.

ಮರುದಿನ ಸಾಹೇಬರ ಡ್ರೈವರ್ ಹುಸೇನ್ ಗಾಡಿಯನ್ನು ತಂದ. ನಮ್ಮ ಶಹಾಬಜಾರದ ಓಣಿಯಲ್ಲಿ ಅದು ಹಿಡಿಸದಿದ್ದುದರಿಂದ ಓಣಿಯ ಬಾಯಿಯಲ್ಲಿಯೇ ನಿಂತಿತು. ಓಣಿ ಪೂರ್ತಿ ಅದರ ಸುತ್ತ ಬಂದು ನಿಂತಿತು. ನಾಲ್ಕು ಜನರ ಮುಂದೆ ದನಿ ಎತ್ತುವುದೂ ನನಗೆ ಸಂಕೋಚ. ಅಂಥವಳು ಸೆರಗು ಸಿಕ್ಕಿಸಿಕೊಂಡು ಮೋಟಾರಿನ ಅಡಿಗೆ ಇಣುಕುವುದನ್ನು ನಲವತ್ತು ಜನ ನೋಡುವಂತಾಯಿತು. ಕಾಕಾ ಗಾಡಿಯನ್ನು ಪ್ರದಕ್ಷಿಣೆ ಹಾಕಿ, ಹಿಂಭಾಗಕ್ಕೆ ಒಂದು ಪೆಟ್ಟು ಕೊಟ್ಟು, ಅದು ಕದಲದ್ದನ್ನು ಕಂಡು ತಲೆದೂಗಿದರು. ಆಮೇಲೆ ಡ್ರೈವರನಿಗೆ ಪ್ರಶ್ನೆ ಹಾಕತೊಡಗಿದರು.

“ಒದಿತದೇನೋ?”

“ಒದಿತದರೀ ಗೌಡ್ರ. ಹ್ಯಾಂಡಲ್ ಹೊಡಿಯೋ ಮುಂದ ಹುಷಾರಿರಬೇಕು. ಹ್ವಾದ ವರ್ಷ ನನ್ನ ಮುಂಗೈ ಮುರದದ, ನೋಡ್ರಿ.”

“ಹಂಗಾದರ ಕಸುವು ಅದ” ಎಂದರು ಕಾಕಾ, ಸಂತೋಷದಿಂದ. “ಒದಿಲಾರದ್ದು ಏನು ಎಳಿತದ, ಮಣ್ಣು?”

ನಾನು ನಡುವೆ ಬಾಯಿ ಹಾಕಿ, ಬ್ರೇಕು ಹಿಡಿಯುತ್ತದೆಯೇ ಎಂದು ಕೇಳಿದೆ. ಗಾಡಿಯ ಜೊತೆಗೆ ಹುಸೇನನೂ ನಮ್ಮ ಮನೆಗೆ ನೌಕರಿಗೆ ಬರುವವನಿದ್ದ. ಹೀಗಾಗಿ ಅವನು ಸುಳ್ಳು ಹೇಳುವಂತೆಯೂ ಇರಲಿಲ್ಲ, ನಿಜ ಹೇಳುವಂತೆಯೂ ಇರಲಿಲ್ಲ. “ಹಿಡಿತದರೀ ಅಕ್ಕಾರ” ಎಂದ. “ಖರೆ, ಸ್ವಲ್ಪ ಮೊದಲಾ ಹೇಳಿ ಇಡಬೇಕು.”

ಇದರ ಅರ್ಥವನ್ನು ನಾನು ಅಪ್ಪನಿಗೆ ಬಿಡಿಸಿ ಹೇಳುವುದರೊಳಗೆ ಅವ್ವ ಆರತಿಯ ತಟ್ಟೆ ಹಿಡಿದು ಮನೆಯಿಂದ ಹೊರಬಂದಳು. ಹಿಂದೆಯೇ ತೆಂಗಿನಕಾಯಿ, ನಿಂಬೆಹಣ್ಣು, ವಿಭೂತಿ. ನಾನು ಓಡಿಹೋಗಿ ಅವಳಿಗೆ ಅಡ್ಡ ನಿಂತೆ.

“ಅವ್ವಾ, ಇನ್ನೂ ತಗೊಂಡಿಲ್ಲ. ಪರೀಕ್ಷಾ ಮಾಡಾಕ ತಂದೇವಿ.”

“ಪರೀಕ್ಷಾಕ್ಕರ ಕೂಡ್ತೀರಿಲ್ಲೋ ಅದರಾಗ? ಪೂಜಿ ಇಲ್ದ ಹೆಂಗ ಕೂಡ್ತೀರಿ? ಹಾದ್ಯಾಗ ಏನರ ಹೆಚ್ಚುಕಡಿಮಿ ಆದರ?”

“ಹೆಚ್ಚುಕಡಿಮೆ ಆಗ್ತದೋ ಏನು ಅಂತನೇ ನೋಡಾಕ ಹೊಂಟೀವಿ.”

“ಬಿಡ್ತು ಅನ್ನು” ಎಂದಳು ಅವ್ವ. ರೇಡಿಯೇಟರಿಗೆ ಮೂರು ಬೆರಳು ವಿಭೂತಿ ಬಿತ್ತು. ಗಾಲಿಗಳ ಕೆಳಗೆ ನಿಂಬೆಹಣ್ಣು ಬಂದವು. ಕಾಕಾ ಬಂಪರಿನ ಮೇಲೆಯೇ ಕಾಯಿ ಒಡೆದರು. ಇಷ್ಟಾದರೆ ಮುಗಿಯಿತು, ಕಾಯಿ ಒಡೆದ ಗಾಡಿಯನ್ನು ಹಿಂದಕ್ಕೆ ಕಳಿಸುವುದು ಮನೆಗೆ ಬಂದ ಸೊಸೆಯನ್ನು ಬಾಗಿಲಿನಿಂದ ತಿರುಗಿಸಿದಂತೆ. ಹಾಗೆಂದು ಪೂಜೆಯಿಲ್ಲದೆ ಹತ್ತುವಂತೆಯೂ ಇಲ್ಲ. ಅಂದರೆ ನಮ್ಮ ಮನೆತನದವರು ಯಾವ ಮೋಟಾರನ್ನಾದರೂ ಪರೀಕ್ಷಿಸಬಹುದು, ಆದರೆ ಅದು ತಮ್ಮದಾದ ಮೇಲೆ ಮಾತ್ರ. ಇದನ್ನು ನಾನು ಅಪ್ಪನಿಗೆ ತರ್ಕಬದ್ಧವಾಗಿ ಹೇಳಿದೆ. ಅವರು ನನ್ನ ಕೈಗೆ ಪ್ರಸಾದದ ಕೊಬ್ಬರಿ ಕೊಟ್ಟರು.

ಗಾಡಿ ಹೊರಟಿತು. ಆ ಕ್ಷಣದಿಂದ ನಾನು ಒಂಟಿಯಾದೆ. ಪೂಜೆಯಾಗುವವರೆಗೆ ಅದು ಸಾಹೇಬರ ಮೋಟಾರಾಗಿತ್ತು, ಅದರ ತಪ್ಪುಗಳನ್ನು ಕೇಳುವಷ್ಟು ತಾಳ್ಮೆಯಾದರೂ ಎಲ್ಲರಿಗೂ ಇತ್ತು. ಈಗ ಅದು ನಮ್ಮ ಮನೆಯ ಕೂಸು. ಹಿಂದೆ ನೀಲಿ ಹೊಗೆ ಬರುತ್ತಿದೆ ಎಂದೆ. ಒಳಗಿನ ಕೊಳೆ ಹೋಗಾಕತ್ತದ, ಚಲೋದು ಎಂದರು ಕಾಕಾ. ಬಾಗಿಲು ತಾನಾಗಿ ತೆರೆಯುತ್ತಿದೆ ಎಂದೆ; ಗಾಳಿ ಬರ್ತದ ಬಿಡು ಎಂದರು. ಚಕ್ರದಿಂದ ಕಟಕಟ ಸದ್ದು ಬರುತ್ತಿದೆ ಎಂದಾಗ ಅವರಿಗೆ ಸಿಟ್ಟೇ ಬಂತು. “ಏನ್ ತಂಗೀ, ಒಂದಾ ಸವನ ಬೈಲಾಕತ್ತಿ? ಅದಕ್ಕೂ ಕಿವಿ ಇರ್ತಾವ.” ಹಿಂದೊಮ್ಮೆ ನನ್ನನ್ನು ನೋಡಲು ಬಂದ ವರನ ಕಡೆಯವರು ನಡೆಸಿ, ಹಾಡಿಸಿ, ಹಲ್ಲು ನೋಡಿ, ಎಷ್ಟು ಓದಿದ್ದೀ, ಯಾಕೆ ಓದಿದ್ದೀ ಎಂದು ಕೇಳುತ್ತಿದ್ದಾಗ ಇದೇ ಕಾಕಾ ಪಕ್ಕದಲ್ಲಿ ಕುಳಿತು ಎಲೆಯಡಿಕೆ ಮೆಲ್ಲುತ್ತಿದ್ದರು. ಆಗ ನನಗೂ ಕಿವಿಗಳಿದ್ದವು.

ಮಹಾಗಾಂವ ದಾಟುವವರೆಗೆ ಗಾಡಿ ಹೇಗೋ ನಡೆಯಿತು. ಅಲ್ಲಿಂದ ಮುಂದೆ ಕಪ್ಪು ನೆಲ ಮುಗಿದು ಕೆಂಪು ಮೊರಮು ಮಣ್ಣಿನ ಏರು ತೊಡಗುತ್ತದೆ. ಅರ್ಧ ಏರಿಗೆ ಯಂತ್ರ ಒಮ್ಮೆ ಕೆಮ್ಮಿತು, ವಿಭೂತಿಯ ನಡುವಿನಿಂದ ಬಿಳಿ ಆವಿ ಎದ್ದಿತು, ಗಾಡಿ ನಿಂತಿತು. ನಿಂತದ್ದಲ್ಲದೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಬ್ರೇಕಿಗೆ ಯಾರೂ ಮೊದಲು ಹೇಳಿ ಇಟ್ಟಿರಲಿಲ್ಲ. ಕಾಕಾ ಈ ವಯಸ್ಸಿನಲ್ಲಿಯೂ ಜಿಗಿದು ಗಾಲಿಗೆ ಕಲ್ಲು ಕೊಟ್ಟರು. ಹುಸೇನ್ ಕೊಡ ಹಿಡಿದು ನೀರು ಹುಡುಕಿಕೊಂಡು ಹೋದ. ನಾವು ಮೂವರೂ ಬಿಸಿಲಿನಲ್ಲಿ ನಿಂತೆವು. ನನ್ನ ಒಂದೊಂದು ಮಾತೂ ನಿಜವಾಗಿತ್ತು. ಮಾತು ನಿಜವಾಯಿತೆಂಬ ತೃಪ್ತಿಯನ್ನು ನಾನು ಅನುಭವಿಸಲು ತೊಡಗಿದ್ದೆ, ಅಷ್ಟರಲ್ಲಿ ಅಪ್ಪ ಗಡಿಯಾರ ತೆಗೆದು ನೋಡಿದರು.

“ನೀ ಅಂದಿದ್ದೆಲ್ಲ ಖರೇ ಆತು ತಂಗಿ” ಎಂದರು. “ಇದರ ಮ್ಯಾಲ ಭರೋಸಾ ಇಲ್ಲ. ಸಾಹೇಬರಿಗಿ ನಾ ಹೇಳ್ತೀನಿ, ನಿಮ್ಮ ಅವ್ವಗೂ ನಾನಾ ಹೇಳ್ತೀನಿ. ಗಾಡಿನೂ ಬ್ಯಾಡ, ಕಮಲಾಪುರನೂ ಬ್ಯಾಡ.”

ಊರಿನಲ್ಲಿ ಇನ್ನೊಂದು ಮೋಟಾರಿಲ್ಲ ಎಂಬುದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಆ ಮೋಟಾರನ್ನು ನೋಡಿದೆ. ನಿಂಬೆಹಣ್ಣಿನ ಬೀಜ ಅಂಟಿಸಿಕೊಂಡು, ಆವಿ ಬಿಡುತ್ತ, ಕಲ್ಲಿಗೆ ಒರಗಿ ನಿಂತಿತ್ತು. ಆಮೇಲೆ ಯಾರೋ ಮಾತಾಡಿದ್ದು ಕೇಳಿಸಿತು. ಮಾತಾಡಿದವಳು ನಾನೇ.

“ನಿಂತದ್ದು ಎಲ್ಲಿ ಅಪ್ಪಾ? ಏರಿನ್ಯಾಗ.”

“ಹೌದು, ಅದಕ್ಕೇ…”

“ಏರು ಇರೋದು ಹೋಗೋ ಮುಂದ. ಬರೋ ಮುಂದ ಪೂರಾ ಇಳಕಲು. ನಿಮ್ಮ ಶರ್ತು ಏನಿತ್ತು? ದೀಪ ಹಚ್ಚೋದರೊಳಗ ಮನಿಗಿ ಬರಬೇಕು ಅಂತ. ಹೋಗೋದರ ಬಗ್ಗೆ ನೀವು ಏನೂ ಹೇಳಿಲ್ಲ.”

“ಬ್ರೇಕು ಹಿಡಿಯೂದಿಲ್ಲಲ್ಲ?”

“ಅದಕ್ಕೇ ಇನ್ನೂ ಲಗೂನ ಬರ್ತೀನಿ.”

ಕಾಕಾ ಮೋರೆ ಆ ಕಡೆ ತಿರುಗಿಸಿ ನಿಂತರು, ಹೆಗಲು ಮಾತ್ರ ಅಲುಗುತ್ತಿತ್ತು. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು. ಎದುರು ಪಕ್ಷದ ವಕೀಲ ಒಳ್ಳೆಯ ತಕರಾರು ಎತ್ತಿದಾಗ ಅವರು ಹೀಗೆಯೇ ನೋಡುತ್ತಾರೆಂದು ಕೇಳಿದ್ದೇನೆ. “ಬ್ರೇಕು ದುರಸ್ತಿ ಆಗಬೇಕು” ಎಂದಷ್ಟೇ ಹೇಳಿ ಗಡಿಯಾರವನ್ನು ಜೇಬಿಗೆ ಹಾಕಿದರು.

ಬ್ರೇಕು ದುರಸ್ತಿಯಾಯಿತು, ಉಳಿದದ್ದು ಆಗಲಿಲ್ಲ. ನಾನು ಕಮಲಾಪುರಕ್ಕೆ ಹೋಗಿಬರುತ್ತೇನೆ. ದೀಪ ಹಚ್ಚುವ ಮೊದಲೇ ಮನೆಯಲ್ಲಿರುತ್ತೇನೆ. ಈ ವಿಷಯದಲ್ಲಿ ಗಾಡಿಯನ್ನು ಯಾರೂ ದೂರುವಂತಿಲ್ಲ, ದೂರಲು ನಾನು ಬಿಡುವುದೂ ಇಲ್ಲ. ಬೆಳಗಿನ ಮಾತು ಬೇರೆ. ಮೊನ್ನೆ ಪ್ರಾರ್ಥನೆ ಮುಗಿದು ಎಷ್ಟೋ ಹೊತ್ತಾದ ಮೇಲೆ ಮದರಸೆಯ ಬಾಗಿಲಲ್ಲಿ ಪುಟ್ಟ ಹುಡುಗಿಯೊಬ್ಬಳು ಓಡುತ್ತ ಬಂದು ನನಗೆ ಎದುರಾದಳು. ತಡವೇಕೆ ಎಂದು ಗದರಲು ನಾನು ಬಾಯಿ ತೆರೆದೆ. ಅವಳು ನನ್ನ ಸೀರೆಯ ಅಂಚಿನಲ್ಲಿದ್ದ ಕೆಂಪು ಧೂಳನ್ನು ನೋಡಿದಳು, ಗಾಡಿ ನೂಕಿ ಕಪ್ಪಾದ ನನ್ನ ಅಂಗೈಗಳನ್ನು ನೋಡಿದಳು, ಆಮೇಲೆ ಬಹಳ ಮರ್ಯಾದೆಯಿಂದ ನನ್ನ ಮುಖ ನೋಡಿದಳು. ನಾನು ಬಾಯಿ ಮುಚ್ಚಿದೆ. ಇಬ್ಬರೂ ಸದ್ದಾಗದಂತೆ ಒಳಗೆ ಹೋದೆವು.